"ಆಕಿ ನಿದ್ದಿ ಮಾಡಿದ್ಲೇನ್ರಿ?": ಮೊದಲ ಆರು ವಾರ ನಾನು ಮಾಡಿದ ಬಾಣಂತನ

ನಮ್ಮ ಮಗಳು ಹುಟ್ಟಿದ್ದು ಮಾರ್ಚ್ ಕೊನೆಯ ವಾರ, ಚಳ್ಳಕೆರೆಯಲ್ಲಿ. ಬಿಸಿಲು ಆಗಲೇ ಏರಿತ್ತು. ನನ್ನ ಅಮ್ಮ ಇಲ್ಲ. ಹುಬ್ಬಳ್ಳಿಯಲ್ಲಿರುವ ಅತ್ತೆಗೆ ಮಂಡಿ ಆಪರೇಷನ್ ಆಗಿ ಇಪ್ಪತ್ತು ದಿನವಾಗಿತ್ತು, ವಾಕರ್ ಹಿಡಿದು ನಡೆಯುತ್ತಿದ್ದರು. ಹಾಗಾಗಿ ಬಾಣಂತನ ನನ್ನ ಪಾಲಿಗೆ ಬಂತು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹದಿನೈದು ದಿನ ಪಿತೃತ್ವ ರಜೆ ಸಿಕ್ಕಿತು. ಅದು ಮುಗಿಯುವಷ್ಟರಲ್ಲಿ ಬೇಸಿಗೆ ರಜೆ ಶುರುವಾಯಿತು. ಇಷ್ಟು ದಿನ ಮನೆಯಲ್ಲಿರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದರೆ ಒಂದೇ ವಾರ ರಜೆ ಸಿಕ್ಕವರಿಗೂ ಇದರಲ್ಲಿ ಅರ್ಧದಷ್ಟಾದರೂ ಉಪಯೋಗಕ್ಕೆ ಬರುತ್ತದೆ ಅಂತ ಬರೆಯುತ್ತಿದ್ದೇನೆ.

ಅತ್ತೆ ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡುತ್ತಿದ್ದರು. ಮೊದಲ ಮಾತು ಯಾವಾಗಲೂ ಒಂದೇ: "ಅಳಿಯಾರ, ಆಕಿ ನಿದ್ದಿ ಮಾಡಿದ್ಲೇನ್ರಿ?" ಕೂಸಿನ ಸುದ್ದಿ ಕೇಳುತ್ತಿದ್ದುದು ಆಮೇಲೆ. ಮೊದಲ ಎರಡು ದಿನ ನನಗೆ ಇದು ವಿಚಿತ್ರ ಅನಿಸಿತು. ಮೂರನೇ ರಾತ್ರಿ ಅರ್ಥವಾಯಿತು. ನಿದ್ದೆ ಇಲ್ಲದಿದ್ದರೆ ಹೆಂಡತಿಗೆ ನೋವು ಜಾಸ್ತಿ, ಅಳು ಜಾಸ್ತಿ, ಹಾಲು ಕುಡಿಸಲು ಕೂರುವ ತ್ರಾಣವೇ ಇಲ್ಲ. ಅವತ್ತಿನಿಂದ ಮನೆಯ ಲೆಕ್ಕ ಬದಲಾಯಿತು. ಎದೆಹಾಲು ಕೊಡುವುದು ಅವಳೊಬ್ಬಳಿಂದಲೇ ಆಗುವ ಕೆಲಸ. ಉಳಿದದ್ದೆಲ್ಲ ನನ್ನಿಂದಾಗುವ ಕೆಲಸ. ಉಳಿದದ್ದು ಅಂದರೆ ಬಟ್ಟೆ, ಅಡುಗೆ, ತೇಗು ಬರಿಸುವುದು, ಎತ್ತಿಕೊಂಡು ಓಡಾಡುವುದು, ಬಾಗಿಲು ತಟ್ಟಿದವರಿಗೆ ಉತ್ತರ ಹೇಳುವುದು, ಎಲ್ಲ.

ರಾತ್ರಿಯನ್ನು ಹಂಚಿಕೊಳ್ಳುವುದು

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ಎರಡು ಗಂಟೆ, ಮೂರು ಗಂಟೆಯ ತುಂಡು ತುಂಡು ನಿದ್ದೆ. ಹಗಲು ಯಾವುದು, ರಾತ್ರಿ ಯಾವುದು ಅದಕ್ಕೆ ತಿಳಿಯುವುದಿಲ್ಲ. ಇದನ್ನು ಮೊದಲ ತಿಂಗಳು ಯಾರೂ ತಿದ್ದಲು ಆಗದು. ಸಣ್ಣ ಸಹಾಯ ಮಾತ್ರ ಮಾಡಬಹುದು: ಹಗಲು ಕಿಟಕಿ ತೆಗೆದಿಡಿ, ಮಾಮೂಲಿ ಹಾಗೆ ಮಾತಾಡಿ. ರಾತ್ರಿ ಸಣ್ಣ ದೀಪ ಸಾಕು, ಬಟ್ಟೆ ಬದಲಿಸುವಾಗಲೂ ಮಾತು ಬೇಡ.

ಮೊದಲ ಎರಡು ವಾರ ನಾವು ಹೀಗೆ ಮಾಡಿದೆವು. ಮಗುವಿನ ತೊಟ್ಟಿಲು ನನ್ನ ಪಕ್ಕದಲ್ಲಿ. ಅದು ಬಾಯಿ ಚಪ್ಪರಿಸಿ, ಕೈ ಬಾಯಿಗೆ ತಂದುಕೊಳ್ಳಲು ಶುರು ಮಾಡಿದರೆ ಹಸಿವಾಗಿದೆ ಅಂತ ಅರ್ಥ. ಅಳು ಬರುವ ತನಕ ಕಾಯಬೇಡಿ, ಅತ್ತು ಕೆಂಪಾದ ಮಗು ಮೊಲೆ ಹಿಡಿಯಲು ಒದ್ದಾಡುತ್ತದೆ. ನಾನು ಎದ್ದು ಬಟ್ಟೆ ಬದಲಿಸಿ ಮಗುವನ್ನು ಅವಳ ಬಳಿ ಇಡುತ್ತಿದ್ದೆ. ಅವಳು ಕುಡಿಸುತ್ತಿದ್ದಳು. ಮುಗಿದ ತಕ್ಷಣ ಎತ್ತಿಕೊಂಡು ಹೆಗಲಿಗೆ ಹಾಕಿ, ಬೆನ್ನು ಸವರಿ ತೇಗು ಬರಿಸಿ, ಮತ್ತೆ ಮಲಗಿಸುವುದು ನನ್ನದು. ಅವಳು ಎಚ್ಚರ ಇರಬೇಕಾದದ್ದು ಅರ್ಧ ಗಂಟೆ ಮಾತ್ರ. ಈ ಎರಡು ವಾರ ಮಗು ಮೂರು ಗಂಟೆ ದಾಟಿ ಮಲಗಿದರೆ ನಾವೇ ಎಬ್ಬಿಸುತ್ತಿದ್ದೆವು. ಅಂಗಾಲು ಉಜ್ಜಿದರೆ, ಬಟ್ಟೆ ಸಡಿಲ ಮಾಡಿದರೆ ಏಳುತ್ತದೆ.

ಎರಡು ವಾರ ಕಳೆದು, ತೂಕ ಹುಟ್ಟಿದಾಗಿನಷ್ಟು ವಾಪಸ್ ಬಂದ ಮೇಲೆ ಡಾಕ್ಟರನ್ನು ಕೇಳಿ ಇನ್ನೊಂದು ಏರ್ಪಾಡು ಮಾಡಿದೆವು. ಸ್ಟೀಲ್ ಬಟ್ಟಲನ್ನು ಮೊದಲೇ ನೀರಿನಲ್ಲಿ ಕುದಿಸಿ ಒಣಗಿಸಿಡುತ್ತಿದ್ದೆವು, ಸಂಜೆ ಅವಳು ಕೈಯಿಂದ ಹಾಲು ಹಿಂಡಿ ಅದಕ್ಕೆ ತೆಗೆದಿಡುತ್ತಿದ್ದಳು. ನಮ್ಮ ಊರ ಸೆಕೆಗೆ ಹೊರಗಿಡುವ ಧೈರ್ಯವಿಲ್ಲದೆ ಮುಚ್ಚಿ ಫ್ರಿಜ್‌ನಲ್ಲಿಡುತ್ತಿದ್ದೆ. ರಾತ್ರಿ ಒಂಬತ್ತಕ್ಕೆ ಅವಳು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಹನ್ನೊಂದರ ಹಾಲು ನನ್ನದು. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಕುಡಿಸುತ್ತಿದ್ದೆ. ಒಲೆ ಮೇಲೆ ನೇರ ಕಾಯಿಸಬೇಡಿ. ಒಳಲೆಯಲ್ಲಿ ಕುಡಿಸುವಾಗ ಮಗುವಿನ ತಲೆ ಎತ್ತರದಲ್ಲಿರಬೇಕು, ಹನಿ ಹನಿಯಾಗಿ ತುಟಿಗೆ ತಾಗಿಸಬೇಕು, ಅದು ನುಂಗಿದ ಮೇಲೆ ಮುಂದಿನ ಗುಟುಕು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ಅವಳಿಗೆ ಒಂದು ಗಂಟೆಯ ತನಕ, ಅಂದರೆ ಒಟ್ಟಿಗೆ ನಾಲ್ಕು ತಾಸು ನಿದ್ದೆ ಸಿಗುತ್ತಿತ್ತು. ನಾಲ್ಕು ತಾಸು ಮುರಿಯದ ನಿದ್ದೆ ಮಾಡಿದ ಮೊದಲ ಬೆಳಿಗ್ಗೆ ಅವಳ ಮುಖ ಹೇಗಿತ್ತು ಅಂತ ನನಗೆ ಈಗಲೂ ನೆನಪಿದೆ. ಅವತ್ತು ಅತ್ತೆಗೆ ಫೋನ್ ಮಾಡಿದ್ದು ನಾನೇ.

ನಾನು ಮಧ್ಯಾಹ್ನ ಎರಡು ತಾಸು ಮಲಗುತ್ತಿದ್ದೆ. ನೋಡಿಕೊಳ್ಳುವವರೂ ಮಲಗಬೇಕು. ಇದನ್ನು ಬಿಟ್ಟರೆ ಐದನೇ ದಿನಕ್ಕೆ ಸಿಡುಕು ಶುರುವಾಗುತ್ತದೆ.

ಮಲಗಿಸುವಾಗ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ: ಹಗಲಿರಲಿ, ರಾತ್ರಿಯಿರಲಿ, ಅಂಗಾತ. ಹಾಸಿಗೆ ಗಟ್ಟಿಯಾಗಿರಲಿ. ತಲೆ ಗುಂಡಗಾಗಲಿ ಅಂತ ನಮಗೆ ಉಡುಗೊರೆಯಾಗಿ ಎರಡು ಸಾಸಿವೆ ದಿಂಬು ಬಂದವು. ಪ್ರೀತಿಯಿಂದ ತೆಗೆದಿಟ್ಟೆವು, ಬಳಸಲಿಲ್ಲ. ಮೊದಲ ವರ್ಷ ಮಗುವಿಗೆ ದಿಂಬು, ದಪ್ಪ ಹೊದಿಕೆ, ಪಕ್ಕದಲ್ಲಿ ಗೊಂಬೆ ಯಾವುದೂ ಬೇಡ, ಉಸಿರಿಗೆ ಅಡ್ಡ ಬರಬಹುದು. ಸೋಫಾ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆಗೆ ಜಾರುವುದು ಎಲ್ಲಕ್ಕಿಂತ ಅಪಾಯ. ಕಣ್ಣು ಎಳೆಯುತ್ತಿದೆ ಅನಿಸಿದರೆ ಮೊದಲು ಮಗುವನ್ನು ತೊಟ್ಟಿಲಿಗೆ ಹಾಕಿ.

ಹಾಲು ಸಾಲುತ್ತಿದೆಯಾ?

ಈ ಪ್ರಶ್ನೆ ನಮ್ಮನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಲಿಲ್ಲ. ಆಸ್ಪತ್ರೆಯಿಂದ ಬಂದ ಎರಡನೇ ರಾತ್ರಿ ಮಗು ಏಳು ಗಂಟೆಯಿಂದ ಹತ್ತರವರೆಗೆ ಬಿಡದೆ ಕುಡಿಯಿತು, ಅತ್ತಿತು, ಮತ್ತೆ ಕುಡಿಯಿತು. ಮನೆಗೆ ಬಂದಿದ್ದವರೊಬ್ಬರು "ಹಾಲು ಸಾಲ್ತಾ ಇಲ್ಲ, ಪಾಪ ಹಸಿದುಕೊಂಡಿದೆ" ಅಂದರು. ಹೆಂಡತಿಯ ಕಣ್ಣಲ್ಲಿ ನೀರು. ನಾನು ಮೆಡಿಕಲ್ ಶಾಪಿಗೆ ಹೋಗಿ ಹಾಲಿನ ಪುಡಿಯ ಡಬ್ಬ ತಂದೆ. ತೆರೆಯುವ ಮುಂಚೆ ನೋಟ್‌ಬುಕ್ ನೋಡಿದೆ.

ಆ ನೋಟ್‌ಬುಕ್ ನಾನು ಮೊದಲ ದಿನದಿಂದ ಬರೆಯುತ್ತಿದ್ದದ್ದು. ನಾಲ್ಕು ಕಾಲಂ: ಎಷ್ಟು ಹೊತ್ತಿಗೆ ಕುಡಿಯಿತು, ಯಾವ ಕಡೆ, ಮೂತ್ರ, ಮಲ. ಅವತ್ತಿನ ಪುಟದಲ್ಲಿ ಏಳು ಸಲ ಮೂತ್ರ, ಮೂರು ಸಲ ಹಳದಿ ಮಲ, ಹತ್ತು ಸಲ ಹಾಲು ಅಂತ ಇತ್ತು. ಡಾಕ್ಟರ್ ಹೇಳಿದ್ದ ಲೆಕ್ಕಕ್ಕೆ ಸರಿಯಾಗಿತ್ತು. ಡಬ್ಬ ತೆರೆಯಲಿಲ್ಲ. ಮರುದಿನ ಫೋನಿನಲ್ಲಿ ಕೇಳಿದಾಗ ಡಾಕ್ಟರ್ ಹೇಳಿದರು: ಸಂಜೆ ಹೊತ್ತು ಮಕ್ಕಳು ಹೀಗೆ ಒತ್ತೊತ್ತಾಗಿ ಕುಡಿಯುವುದು ಮಾಮೂಲಿ, ಕುಡಿದಷ್ಟೂ ಹಾಲು ಹೆಚ್ಚುತ್ತದೆ.

ಆ ಲೆಕ್ಕ ನಿಮಗೂ ಬೇಕಾಗುತ್ತದೆ. 24 ಗಂಟೆಯಲ್ಲಿ 8ರಿಂದ 12 ಸಲ ಹಾಲು. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ ಮೂತ್ರ ಮಾಡಿದರೂ ಸಾಕು. ಐದಾರು ದಿನ ಆದ ಮೇಲೆ ದಿನಕ್ಕೆ ಕನಿಷ್ಠ ಆರು ಸಲ ಆಗಬೇಕು. ಮಲ ಮೊದಲು ಟಾರಿನ ಹಾಗೆ ಕಪ್ಪು, ಆಮೇಲೆ ಹಸಿರು, ನಾಲ್ಕೈದನೇ ದಿನಕ್ಕೆ ಸಾಸಿವೆ ಅರೆದ ಹಾಗೆ ಹಳದಿ. ತೂಕ ಮೊದಲ ದಿನಗಳಲ್ಲಿ ಇಳಿದೇ ಇಳಿಯುತ್ತದೆ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರ್ ಹತ್ತಿರ ಹೋಗಬೇಕು. ನಮ್ಮ ಮಗಳು ಹುಟ್ಟಿದಾಗ 2.9 ಕೆಜಿ. ಐದನೇ ದಿನ ಮನೆಗೆ ಹೊರಡುವಾಗ 2.68. ಹದಿನಾಲ್ಕನೇ ದಿನ 2.94. ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಹಾಲು ಸಾಲುತ್ತಿದೆ ಅಂತಲೇ.

ಮೊದಲ ಎರಡು ಮೂರು ದಿನ ಬರುವುದು ದಪ್ಪ ಹಳದಿ ಹಾಲು, ಅದೂ ಚಮಚದ ಲೆಕ್ಕದಲ್ಲಿ. ಅದನ್ನು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ರೋಗದ ವಿರುದ್ಧ ಮಗುವಿಗೆ ಸಿಗುವ ಮೊದಲ ಕಾವಲು ಅದು. ಜೇನು, ಸಕ್ಕರೆ ನೀರು, ಬಜೆ ತೇಯ್ದದ್ದು, ಹರಳೆಣ್ಣೆ, ಯಾವುದನ್ನೂ ನೆಕ್ಕಿಸಬೇಡಿ. ಜೇನನ್ನಂತೂ ಒಂದು ವರ್ಷ ತುಂಬುವ ತನಕ ಮುಟ್ಟಿಸಬಾರದು, ಅದರಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಬೇಸಿಗೆಯಲ್ಲೂ ನೀರು ಬೇಡ. ಆರು ತಿಂಗಳು ತುಂಬುವ ತನಕ ಬೇಕಾದ ನೀರೆಲ್ಲ ಎದೆಹಾಲಿನಲ್ಲೇ ಇದೆ. ಏಪ್ರಿಲ್ ಬಿಸಿಲಿಗೆ ನಮ್ಮ ಮಗಳು ಸ್ವಲ್ಪ ಜಾಸ್ತಿ ಸಲ ಹಾಲು ಕೇಳಿದಳು, ಅಷ್ಟೇ.

ಮೊಲೆ ತೊಟ್ಟು ಬಿರಿದು ನೋವಾದರೆ ಸಹಿಸಿಕೊಂಡು ಕೂರಬೇಡಿ. ಬಹಳ ಸಲ ಮಗು ಹಿಡಿದಿರುವ ರೀತಿ ಸರಿಯಿರುವುದಿಲ್ಲ. ನಮ್ಮ ವಾರ್ಡಿನ ನರ್ಸ್ ನಾಲ್ಕು ಗುರುತು ಹೇಳಿಕೊಟ್ಟರು. ಮಗುವಿನ ಬಾಯಿ ಅಗಲವಾಗಿ ತೆರೆದಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಗದ್ದ ಮೊಲೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಜಾಸ್ತಿ, ಕೆಳಗಡೆ ಕಡಿಮೆ ಕಾಣಬೇಕು. ಸರಿಯಿಲ್ಲದಿದ್ದರೆ ಸ್ವಚ್ಛ ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಸಿಸೇರಿಯನ್ ಆದವರಿಗೆ ಮಗುವಿನ ಕಾಲು ಹೊಲಿಗೆಗೆ ತಾಗುತ್ತದೆ. ಮಗುವನ್ನು ಕಂಕುಳ ಕೆಳಗೆ, ಪಕ್ಕಕ್ಕೆ ದಿಂಬಿನ ಮೇಲೆ ಮಲಗಿಸಿ ಕುಡಿಸಿದರೆ ಆ ತೊಂದರೆ ಇಲ್ಲ. ನನ್ನ ಹೆಂಡತಿ ಮೂರು ವಾರ ಹಾಗೇ ಕುಡಿಸಿದಳು. ಆ ದಿಂಬನ್ನು ಸರಿಯಾಗಿ ಜೋಡಿಸುವುದು ಗಂಡನೋ ಅಮ್ಮನೋ ಕಲಿಯಬೇಕಾದ ಕೆಲಸ.

ಸ್ನಾನ, ಎಣ್ಣೆ, ಅಜ್ಜಿಯ ಮಾತು

ಪಕ್ಕದ ಬೀದಿಯಲ್ಲಿ ಮಕ್ಕಳಿಗೆ ನೀರು ಎರೆಯುವ ಅಜ್ಜಿಯೊಬ್ಬರಿದ್ದಾರೆ. ಅವರ ಕೈ ನೋಡಿದರೆ ಸಂತೋಷವಾಗುತ್ತದೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಸವರಿದರೆ ಅಳುವ ಮಗು ಸುಮ್ಮನಾಗುತ್ತಿತ್ತು. ಅವರಿಂದ ನಾನು ಎಣ್ಣೆ ಸವರುವುದು ಕಲಿತೆ, ಮೆತ್ತಗೆ, ಒತ್ತದೆ. ಆದರೆ ಕೆಲವಕ್ಕೆ ಬೇಡ ಅಂದೆ. ಕಿವಿ ಮೂಗಿಗೆ ಎಣ್ಣೆ ಬೇಡ. ಮೂಗಿಗೆ ಊದುವುದು ಬೇಡ. ಸಾಂಬ್ರಾಣಿ ಹೊಗೆ ಬೇಡ, ಆ ಪುಟ್ಟ ಶ್ವಾಸಕ್ಕೆ ಹೊಗೆ ಆಗುವುದಿಲ್ಲ. ಕಣ್ಣಿಗೆ ಕಾಡಿಗೆ ಬೇಡ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಮಗುವಿನ ಎದೆ ಉಬ್ಬಿದ್ದರೆ ಹಿಂಡಲೇಬೇಡಿ, ಅದು ತಾನಾಗಿ ಇಳಿಯುತ್ತದೆ, ಹಿಂಡಿದರೆ ಕೀವಾಗಬಹುದು. "ಡಾಕ್ಟ್ರು ಹೇಳಿದಾರೆ ಅಜ್ಜಿ, ನೀವೇ ಹೇಳಿ ನಾನೇನು ಮಾಡ್ಲಿ" ಅಂದೆ. "ಆಯ್ತು ಬಿಡಪ್ಪ, ಮಗು ಚೆನ್ನಾಗಿದ್ರೆ ಸಾಕು" ಅಂದರು. ಹಿರಿಯರ ಜೊತೆ ವಾದಕ್ಕೆ ಇಳಿಯುವುದಕ್ಕಿಂತ ಹೀಗೆ ಹೇಳುವುದು ಒಳ್ಳೆಯದು. ಈ ಮಾತನ್ನು ಗಂಡನೇ ಆಡಬೇಕು. ಬಾಣಂತಿಯ ತಲೆ ಮೇಲೆ ಆ ಜವಾಬ್ದಾರಿ ಹಾಕಬಾರದು.

ಹೊಕ್ಕುಳಬಳ್ಳಿಗೆ ಏನೂ ಹಚ್ಚಬೇಡಿ. ಅರಿಶಿನ, ಬೂದಿ, ಎಣ್ಣೆ, ಪೌಡರ್ ಯಾವುದೂ ಬೇಡ. ಒಣಗಿರಬೇಕು, ಗಾಳಿ ಆಡಬೇಕು, ಲಂಗೋಟಿ ಅದರ ಕೆಳಗೆ ಮಡಚಿರಬೇಕು. ನಮ್ಮ ಮಗಳದ್ದು ಒಂಬತ್ತನೇ ದಿನ ಬಿತ್ತು. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಆಮೇಲೆ ನೀರು ಎರೆದೆವು. ನೀರು ನಿಮ್ಮ ಮೊಣಕೈಗೆ ಹಿತವಾಗಿರಬೇಕು, ಸುಡಬಾರದು.

ನಾಲ್ಕನೇ ದಿನ ಲಂಗೋಟಿಯಲ್ಲಿ ನಸುಗೆಂಪು ರಕ್ತದ ಕಲೆ ಕಂಡು ನಾನು ನರ್ಸ್ ಹತ್ತಿರ ಓಡಿದ್ದೆ. ಹೆಣ್ಣುಮಕ್ಕಳಿಗೆ ಮೊದಲ ವಾರ ಹೀಗೆ ಸ್ವಲ್ಪ ಆಗುತ್ತದಂತೆ, ತಾಯಿಯಿಂದ ಬಂದ ಹಾರ್ಮೋನ್ ಕಡಿಮೆಯಾಗುವುದರಿಂದ. ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಸೆಕೆಗಾಲದ ಮಗುವಿಗೆ ಕುಲಾವಿ, ಸ್ವೆಟರ್, ಮೇಲೊಂದು ದುಪಟಿ ಸುತ್ತಬೇಡಿ. ಮನೆಯೊಳಗೆ ತೆಳು ಕಾಟನ್ ಅಂಗಿ ಸಾಕು. ಫ್ಯಾನ್ ಹಾಕಬಹುದು, ಗಾಳಿ ನೇರ ಮುಖಕ್ಕೆ ಬಡಿಯದಿದ್ದರೆ ಸರಿ. ಕೈಕಾಲು ಮುಟ್ಟಿ ತಣ್ಣಗಿದೆ ಅಂತ ಗಾಬರಿಯಾಗಬೇಡಿ. ಎದೆ ಅಥವಾ ಕತ್ತಿನ ಹಿಂದೆ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ. ಚಳಿಗಾಲ ಆದರೆ ದೊಡ್ಡವರಿಗಿಂತ ಒಂದು ಪದರ ಜಾಸ್ತಿ, ತಲೆಗೆ ಕುಲಾವಿ. ಯಾವ ಕಾಲದಲ್ಲೂ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಅದರ ಅನಿಲಕ್ಕೆ ವಾಸನೆ ಇರುವುದಿಲ್ಲ, ಮಲಗಿದವರ ಪ್ರಾಣಕ್ಕೇ ಅಪಾಯ.

ಬಾಣಂತಿಯ ತಟ್ಟೆ, ಬಾಣಂತಿಯ ಮನಸ್ಸು

ಅತ್ತೆ ಫೋನಿನಲ್ಲೇ ಅಂಟಿನುಂಡಿ ಮಾಡಿಸಿದರು. ಅಂಟು ತುಪ್ಪದಲ್ಲಿ ಅರಳುವುದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಬೇಕಿತ್ತು. ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ, ಗಸಗಸೆ. ದಿನಕ್ಕೊಂದು ಉಂಡೆ. ಅದರ ಜೊತೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಒಗ್ಗರಣೆ. ಇವೆಲ್ಲ ಒಳ್ಳೆಯದೇ. ಆದರೆ ಬರೀ ಅನ್ನ ಸಾರು ಹಾಕಿ ಉಳಿದದ್ದಕ್ಕೆಲ್ಲ ಪಥ್ಯ ಅನ್ನುವುದು ತಪ್ಪು. ಬೇಳೆ, ಮೊಟ್ಟೆ, ಹಾಲು, ಮೊಸರು, ಹಣ್ಣು, ತರಕಾರಿ ಎಲ್ಲ ಬೇಕು. ನೀರು ಕೊಡಬಾರದು ಅನ್ನುವ ಪದ್ಧತಿಯನ್ನು ನಾವು ಪೂರ್ತಿ ಬಿಟ್ಟೆವು. ಹಾಲು ಕುಡಿಸಲು ಕೂತಾಗ ಬಾಯಾರಿಕೆ ಆಗುತ್ತದೆ. ಪ್ರತಿ ಸಲ ಒಂದು ಲೋಟ ನೀರು ಪಕ್ಕದಲ್ಲಿಡುವುದು ನನ್ನ ಕೆಲಸ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ನಡೆಯಬೇಕು. ಎರಡನ್ನೂ ಒಟ್ಟಿಗೆ ನುಂಗಬಾರದು, ಬೇರೆ ಬೇರೆ ಹೊತ್ತಿಗೆ.

ನಾಲ್ಕನೇ ದಿನ ಸಂಜೆ ಅವಳು ಕಿಟಕಿ ಕಡೆ ತಿರುಗಿ ಅಳುತ್ತಿದ್ದಳು. ಏನಾಯಿತು ಅಂದರೆ "ಗೊತ್ತಿಲ್ಲ ರೀ" ಅಂದಳು. ಮೊದಲ ವಾರದಲ್ಲಿ ಹೀಗೆ ಕಾರಣವಿಲ್ಲದೆ ಅಳು ಬರುವುದು ಬಹಳ ಹೆಂಗಸರಿಗೆ ಆಗುತ್ತದೆ. ಎರಡು ವಾರದೊಳಗೆ ತಿಳಿಯಾಗುತ್ತದೆ. ಆಗ ಬುದ್ಧಿವಾದ ಬೇಡ, "ಎಲ್ಲರೂ ಹೆತ್ತಿದ್ದಾರೆ" ಅನ್ನುವ ಮಾತಂತೂ ಬೇಡವೇ ಬೇಡ. ಪಕ್ಕದಲ್ಲಿ ಕೂತರೆ ಸಾಕು. ಅವಳಿಗೆ ಹತ್ತನೇ ದಿನದ ಹೊತ್ತಿಗೆ ಹಗುರವಾಯಿತು.

ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ, ಇಲ್ಲದ ದನಿ ಕೇಳಿಸುತ್ತದೆ ಅಂದರೆ, ಒಬ್ಬಳನ್ನೇ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ.

ಯಾವಾಗ ಓಡಬೇಕು

ಇದನ್ನು ನಾನು ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿದ್ದೆ. ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ. ಮೈ ತಣ್ಣಗಾಗಿ, ಬೆಚ್ಚಗೆ ಮಾಡಿದರೂ ಏರದಿದ್ದರೆ. ಹಾಲು ಕುಡಿಯುವುದನ್ನೇ ನಿಲ್ಲಿಸಿದರೆ, ಎಬ್ಬಿಸಿದರೂ ಏಳದಿದ್ದರೆ. ಉಸಿರು ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಇದ್ದರೆ, ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ. ಫಿಟ್ಸ್ ಬಂದರೆ. ಹಸಿರು ವಾಂತಿಯಾದರೆ. ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೆ. ತುಟಿ ನೀಲಿಯಾದರೆ. ಇದರಲ್ಲಿ ಒಂದಾದರೂ ಕಂಡರೆ ಮನೆಮದ್ದು ಬೇಡ, ಬೆಳಗಾಗಲಿ ಅಂತ ಕಾಯುವುದೂ ಬೇಡ. 108ಕ್ಕೆ ಫೋನ್ ಮಾಡಿ.

ಕಾಮಾಲೆ ಎರಡು ಮೂರನೇ ದಿನ ಬಹಳ ಮಕ್ಕಳಿಗೆ ಕಾಣುತ್ತದೆ, ಒಂದೆರಡು ವಾರದಲ್ಲಿ ಹೋಗುತ್ತದೆ. ಹುಟ್ಟಿದ 24 ಗಂಟೆಯೊಳಗೆ ಬಂದರೆ, ಅಥವಾ ಅಂಗೈ ಅಂಗಾಲಿನ ತನಕ ಹಳದಿ ಇಳಿದರೆ ತಡ ಮಾಡಬಾರದು. ಬಿಸಿಲಿಗೆ ಹಿಡಿದು ವಾಸಿ ಮಾಡುತ್ತೇವೆ ಅಂತ ದಿನ ಕಳೆಯಬೇಡಿ.

ತಾಯಿಗೆ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ, ದುರ್ವಾಸನೆಯ ಸ್ರಾವ, ಹೊಲಿಗೆಯಲ್ಲಿ ಕೀವು, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜು, ಒಂದೇ ಕಾಲು ಊದಿ ನೋವು ಬಂದರೆ ಹಾಗೇ ಹೊರಡಿ.

ಆಶಾ ಅಕ್ಕನ ತಕ್ಕಡಿ, ಆರನೇ ವಾರದ ಸೂಜಿ

ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವನ್ನು ನೋಡಬೇಕು ಅಂತ ನಿಯಮವಿದೆ. ನಾವು ಮೂರನೇ ದಿನ ಆಸ್ಪತ್ರೆಯಲ್ಲೇ ಇದ್ದೆವು. ಏಳನೇ ದಿನದಿಂದ ನಮ್ಮ ಆಶಾ ಅಕ್ಕ ತಪ್ಪದೆ ಬಂದರು, ತೂಗುವ ಜೋಲಿ ತಕ್ಕಡಿ ಹಿಡಿದು, ಆ ಬಿಸಿಲಲ್ಲಿ. ಅವರು ಬರದಿದ್ದರೆ ನೀವೇ ಫೋನ್ ಮಾಡಿ ಕೇಳಿ, ಅದು ನಿಮ್ಮ ಹಕ್ಕು. ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದರೆ ಅವರಿಗೂ ಸುಲಭ.

ನೋಡಲು ಬರುವ ನೆಂಟರಿಗೆ ಬಾಗಿಲ ಬಳಿ ಸೋಪು, ನೀರು ಇಟ್ಟಿದ್ದೆ. ನೆಗಡಿ ಕೆಮ್ಮು ಇದ್ದವರಿಗೆ ಮುಂದಿನ ವಾರ ಬನ್ನಿ ಅಂದೆ. ತೊಟ್ಟಿಲ ಶಾಸ್ತ್ರವನ್ನು ಮೂರನೇ ತಿಂಗಳಿಗೆ ಮುಂದೂಡಿದೆವು. ಒಬ್ಬಿಬ್ಬರಿಗೆ ಬೇಸರವಾಯಿತು, ಆಮೇಲೆ ಸರಿಹೋಯಿತು. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಅವರೇ ವರದಿ ಕಳಿಸುತ್ತಾರೆ, ಆದರೆ ತಂದೆ ತಾಯಿ ಹೆಸರಿನ ಅಕ್ಷರ ಸರಿಯಿದೆಯಾ ಅಂತ ಡಿಸ್ಚಾರ್ಜ್ ಮುಂಚೆಯೇ ನೋಡಿಕೊಳ್ಳಿ.

ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಹುಟ್ಟಿದಾಗಲೇ ಆಗಿರಬೇಕು. ತಾಯಿ ಕಾರ್ಡ್‌ನಲ್ಲಿ ನೋಡಿ. ಮುಂದಿನದು ಆರನೇ ವಾರ. ಅಳು ಕೂಡ ಎರಡನೇ ವಾರದಿಂದ ಏರುತ್ತಾ ಆರನೇ ವಾರದ ಸುಮಾರಿಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರ ಇಲ್ಲ, ಆದರೂ ಅಳುತ್ತಿದೆ ಅಂದರೆ ಎದೆಗೆ ಒತ್ತಿಕೊಂಡು ಹಜಾರದಲ್ಲಿ ನಡೆಯಿರಿ. ತಾಳ್ಮೆ ಕಳೆಯಿತು ಅನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ನಿಂತು ಬನ್ನಿ. ಯಾವ ಕಾರಣಕ್ಕೂ ಕುಲುಕಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ.

ಲಸಿಕೆಯ ದಿನ ಮಗಳು 3.75 ಕೆಜಿ ಇದ್ದಳು. ಸೂಜಿ ಹಾಕಿಸಿದ ತಕ್ಷಣ ಅಲ್ಲೇ ಹಾಲು ಕುಡಿಸಿದರೆ ಅಳು ಬೇಗ ನಿಲ್ಲುತ್ತದೆ. ಅರ್ಧ ಗಂಟೆ ಅಲ್ಲೇ ಕೂತಿರಿ. ಅವತ್ತು ರಾತ್ರಿ ಸ್ವಲ್ಪ ಮೈ ಬೆಚ್ಚಗಾಗಬಹುದು. ಔಷಧಿಯನ್ನು ನರ್ಸ್ ಹೇಳಿದ ಅಳತೆಯಷ್ಟೇ ಕೊಡಿ, ಸೂಜಿ ಹಾಕಿದ ಜಾಗವನ್ನು ಉಜ್ಜಬೇಡಿ. ಆ ರಾತ್ರಿ ಒಂದರ ತನಕದ ಪಾಳಿಯನ್ನು ಮೂರರ ತನಕ ನಾನೇ ಮಾಡಿದೆ. ಬೆಳಿಗ್ಗೆ ಆರಕ್ಕೆ ಫೋನ್ ಬಂತು. "ಆಕಿ ನಿದ್ದಿ ಮಾಡಿದ್ಲೇನ್ರಿ?" ಅಂದರು ಅತ್ತೆ. "ಮಾಡಿದ್ಲು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು?" ಅಂತ ಕೇಳಿದರು.